ಅದ್ಭುತ ಕಾದಂಬರಿಯೂ ನಿಸರ್ಗರಕ್ಷಣೆಯೂ

(ಶ್ರೀಮಠದ ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಈ ಮಠದ ಪ್ರಸಾದನಿಲಯದಲ್ಲಿ ಉಂಡು, ಇಲ್ಲಿಯ ಪಾಠಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಮೂವತ್ತು ವರುಷಗಳ ಕಾಲ ಮಾಸ್ತರಿಕೆ ಮಾಡಿ ಬಿಡುವು ಪಡೆದವನು. ಪಂಡಿತನಲ್ಲ, ಮಾತುಗಾರನಂತೂ ಅಲ್ಲವೇ ಅಲ್ಲ. ಹೋದ ತಿಂಗಳು ಶ್ರೀಗಳವರ ದರ್ಶನಕ್ಕೆ ಬಂದಾಗ, “ಮಾಸ್ತರರೇ, ಗಿಡಮರಗಳು ಮಾತನಾಡುವ ಕಥೆಯೊಂದನ್ನು ಬರೆಯುತ್ತಿರುವಿರಂತೆ. ಅದರಿಂದ ಜನಕ್ಕೇನು ಪ್ರಯೋಜನವೆಂಬದನ್ನು ಸಭೆಯಲ್ಲಿ ಹೇಳಿರಿ” ಎಂದು ಅಪ್ಪಣೆ ಕೊಡಿಸಿದರು. ಅಪ್ಪಣೆಯನ್ನು ಮೀರಲಾರದೆ ನಿಂತಿರುವೆನು. ತಪ್ಪಿದ್ದರೆ ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಕಾಡು ಕಡಿಯಬಾರದು, ಕೆರೆ ಕೆಡಿಸಬಾರದು ಎಂಬದನ್ನು ನೇರವಾಗಿ ಹೇಳಿದರೆ ಸಾಲದೇ? ಅದಕ್ಕೆ ನಡೆದಾಡುವ ಮರಗಳೂ ಮಾಂತ್ರಿಕರೂ ಏಕೆ ಬೇಕು? ಈ ಪ್ರಶ್ನೆಯನ್ನು ನನ್ನ ಮಿತ್ರರು ಹಲವು ಸಲ ಕೇಳಿರುವರು. ಪ್ರಶ್ನೆಯೇನೋ ನ್ಯಾಯವಾದುದೇ. ಆದರೆ ನಮ್ಮವರಿಗೆ ಇದು ಹೊಸ ಮಾರ್ಗವಲ್ಲ. ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಬನವಸೆಗೆ ಮಮಕಾರನೆಂಬ ಅರಸನನ್ನೂ ಮೋಹಿನಿಯೆಂಬ ರಾಣಿಯನ್ನೂ ಕಲ್ಪಿಸಿ, ಅವರಿಗೆ ಮಾಯೆ ಎಂಬ ಮಗಳನ್ನು ಕೊಟ್ಟನು. ಮಮಕಾರದಿಂದ ಮಾಯೆ ಹುಟ್ಟುವದೆಂದು ಉಪದೇಶಿಸಿದ್ದರೆ ನಾವು ತಲೆದೂಗಿ ಮನೆಗೆ ಹೋಗಿ ಮರೆಯುತ್ತಿದ್ದೆವು. ಅವಳು ಅರಮನೆಯಲ್ಲಿ ಹುಟ್ಟಿ, ಬೆಳೆದು, ಮದ್ದಳೆಯ ದನಿಗೆ ಮನಸೋತದ್ದನ್ನು ಕೇಳಿದವರು ಮರೆಯಲಾರರು. ಕಣ್ಣಿಗೆ ಕಾಣದ ವಸ್ತುವಿಗೆ ಕೈಕಾಲು ಕೊಟ್ಟು ಎದುರಿಗೆ ನಿಲ್ಲಿಸುವದೇ ಅದ್ಭುತ ಕಥೆಯ ಕೆಲಸ.

ಇನ್ನೊಂದು ಕಾರಣವೂ ಉಂಟು. ದಿನವೂ ಕಾಣುವ ವಸ್ತು ನಮಗೆ ಕಾಣದಂತಾಗುವದು. ಓಣಿಯ ಬೇವಿನ ಮರವನ್ನು ಸಾವಿರ ಸಲ ದಾಟಿ ಹೋದವನಿಗೆ ಅದು ಮರವಾಗಿ ಉಳಿಯುವದಿಲ್ಲ, ಬರಿಯ ಗುರುತಾಗಿ ಉಳಿಯುವದು. ಅದು ಒಂದು ದಿನ ಬಾಯ್ದೆರೆದು ಮಾತನಾಡಿತೆಂದು ಕಥೆಯಲ್ಲಿ ಓದಿದವನು ಮರುದಿನ ತನ್ನ ಓಣಿಯ ಬೇವಿನ ಕೆಳಗೆ ಒಂದು ಗಳಿಗೆಯಾದರೂ ತಡೆದು ನಿಲ್ಲುವನು. ಇಂಗ್ಲೆಂಡಿನ ಪ್ರೊಫೆಸರ ಜೆ. ಆರ್. ಆರ್. ಟೋಲ್ಕಿನ್ ಅವರು 1939ನೆಯ ಇಸವಿ ಮಾರ್ಚ 8ರಂದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದ ಒಂದು ಮುಖ್ಯಾಂಶವು ಇದೇ ಆಗಿದ್ದಿತು: ಬಳಕೆಯಿಂದ ಮಸುಕಾದ ದೃಷ್ಟಿಯನ್ನು ತೊಳೆದುಕೊಡುವದು ಅದ್ಭುತ ಕಥೆಯ ಉಪಕಾರಗಳಲ್ಲೊಂದು ಎಂದು ಅವರು ಪ್ರತಿಪಾದಿಸಿದರು. ಈ ಬಗೆಯ ಬರವಣಿಗೆಯನ್ನು ಕಲಿಯಲೆಳಸುವವರು ಅವರ ಗ್ರಂಥವನ್ನು ನೋಡದೆ ಮುಂದುವರಿಯಲಾಗದಾದುದರಿಂದ, ಅವರ ವೃತ್ತಾಂತವನ್ನು ಮೊದಲು ಹೇಳುತ್ತೇನೆ.

ಟೋಲ್ಕಿನ್ನರು 1892ರಲ್ಲಿ ದಕ್ಷಿಣ ಆಫ್ರಿಕೆಯ ಬ್ಲೂಮ್‌ಫಾಂಟೇನಿನಲ್ಲಿ ಹುಟ್ಟಿದರು. ಮೂರನೆಯ ವಯಸ್ಸಿನಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಬಂದರು. ತಂದೆಯವರು ಆಫ್ರಿಕೆಯಲ್ಲಿಯೇ 1896ರಲ್ಲಿ ತೀರಿಕೊಂಡರು. ತಾಯಿಯು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬರ್ಮಿಂಗ್‌ಹ್ಯಾಮ್ ಪಟ್ಟಣದ ಹೊರವಲಯದ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ನಾಲ್ಕು ವರುಷ ವಾಸಿಸಿದಳು. ಅಲ್ಲಿ ಒಂದು ಹೊಳೆ, ನೀರಿನ ಬಲದಿಂದ ತಿರುಗುವ ಒಂದು ಹಿಟ್ಟಿನ ಗಿರಣಿ, ಅದರ ಮಡುವಿನ ಮೇಲೆ ಬಾಗಿದ ಒಂದು ವಿಲೋ ಜಾತಿಯ ಮರ ಇದ್ದವು. ಬಾಲಕನು ಆ ಮರವನ್ನೇರಲು ಕಲಿತನು. ಒಂದು ದಿನ ಯಾರೋ ಬಂದು ಅದನ್ನು ಕಡಿದರು. ಕಡಿದವರು ಅದರಿಂದ ತೊಲೆಯನ್ನೂ ಮಾಡಲಿಲ್ಲ, ಉರುವಲನ್ನೂ ಮಾಡಲಿಲ್ಲ. ಬಿದ್ದ ಕಾಂಡವನ್ನು ಹಾಗೆಯೇ ಬಿಟ್ಟು ಹೋದರು. ಮುಪ್ಪಿನಲ್ಲಿಯೂ ಅವರು ಇದನ್ನು ಮರೆತಿರಲಿಲ್ಲವೆಂದು ಅವರ ಚರಿತ್ರೆಯಿಂದ ತಿಳಿಯುವದು. ಪಟ್ಟಣವು ಬೆಳೆಯುತ್ತ ಬಂದು ಆ ಹಳ್ಳಿಯನ್ನು ನುಂಗಿತು. ತಾವು ಹತ್ತು ವರುಷದವರಾಗುವದರೊಳಗೆ ತಮ್ಮ ಬಾಲ್ಯದ ನಾಡು ಹಾಳಾಗತೊಡಗಿತ್ತೆಂದು ಅವರೇ ತಮ್ಮ ಗ್ರಂಥದ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ತಿಳಿಸಿರುವರು.

ತರುವಾಯ ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿದ್ದರು. ಅದು 1916ನೆಯ ಇಸವಿ. ಹಸುರಿನ ಸುಳಿವಿಲ್ಲದ ಕೆಸರುನೆಲವನ್ನು ಅಲ್ಲಿ ಕಂಡರು. ಯುದ್ಧಾನಂತರ ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷ್ ಭಾಷೆಯ ಅಧ್ಯಾಪಕರಾದರು. 1937ರ ಕೊನೆಯಲ್ಲಿ ಆರಂಭಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಕಾದಂಬರಿಯನ್ನು ಸುಮಾರು ಹನ್ನೆರಡು ವರುಷ ಬರೆದರು. ಅದು ಮೂರು ಸಂಪುಟಗಳಾಗಿ 1954 ಮತ್ತು 1955ರಲ್ಲಿ ಪ್ರಕಟವಾಯಿತು. ಅವರು 1973ರಲ್ಲಿ ದೈವಾಧೀನರಾದರು.

ಆ ಕಥೆಯಲ್ಲಿ ಫ್ಯಾಂಗಾರ್ನ್ ಎಂಬ ಪುರಾತನ ಅರಣ್ಯವುಂಟು. ಅದರಲ್ಲಿ ಎಂಟ್ ಎಂಬ ಜೀವಿಗಳಿರುವವು. ಅವು ಮರದ ರೂಪದವು. ಆದರೆ ನಡೆಯುವವು, ನುಡಿಯುವವು. ದನಗಾಹಿಯು ದನಗಳನ್ನು ಕಾಯುವಂತೆ ಅವು ಮರಗಳನ್ನು ಕಾಯುವವು. ಅವುಗಳ ಮಾತು ಬಲು ನಿಧಾನ. ಒಂದು ಸಭೆ ಕೂಡಿದರೆ ಮೂರು ದಿನ ನಡೆಯುವದು. ಆ ಅರಣ್ಯದ ಅಂಚಿಗೆ ಐಸನ್‌ಗಾರ್ಡ್ ಎಂಬ ಕೋಟೆ. ಅದರ ಒಡೆಯ ಸಾರುಮಾನ್ ಎಂಬ ಮಾಂತ್ರಿಕ. ಒಂದು ಕಾಲಕ್ಕೆ ತೋಪುಗಳಿಂದ ಹಸುರಾಗಿದ್ದ ಆ ಕೋಟೆಯ ಒಳನೆಲವನ್ನು ಅವನು ಕುಲುಮೆಗಳಿಂದಲೂ ಸುರಂಗಗಳಿಂದಲೂ ತುಂಬಿದನು. ಕುಲುಮೆಗೆ ಉರುವಲು ಬೇಕಾಯಿತು; ಆಳುಗಳು ಕಾಡನ್ನು ಕಡಿದರು. ಕೆಲವು ಮರಗಳನ್ನಂತೂ ಕಡಿದು ಅಲ್ಲಿಯೇ ಕೊಳೆಯಲು ಬಿಟ್ಟರು. ಸೇರ್‌ಹೋಲಿನ ಮಡುವಿನ ಮರವು ಇಲ್ಲಿ ಮತ್ತೆ ಬಂದುದನ್ನು ತಾವು ಗಮನಿಸಿರಬಹುದು. ಕಡೆಗೆ ಎಂಟ್‌ಗಳು ಸಿಟ್ಟಿಗೆದ್ದು, ಕೋಟೆಯನ್ನೊಡೆದು, ಹೊಳೆಯನ್ನೇ ತಿರುಗಿಸಿ ಕುಲುಮೆಗಳನ್ನು ಮುಳುಗಿಸಿದವು.

ಇಷ್ಟನ್ನೇ ಓದಿದವರು ಇದು ಮರಗಳ ಗೆಲುವಿನ ಕಥೆಯೆಂದು ಸಂತೋಷಪಡಬಹುದು. ನಾನೂ ಮೊದಲಿಗೆ ಹಾಗೆಯೇ ಓದಿದೆನು. ಅದೇ ಉತ್ಸಾಹದಲ್ಲಿ ನಮ್ಮೂರ ಕೆರೆಯನ್ನು ಕುರಿತು ಒಂದು ಅದ್ಭುತ ಕಾದಂಬರಿಯನ್ನು ಬರೆಯಲು ಕುಳಿತೆನು. ಕೆರೆಯನ್ನು ಕುಡಿದು ಬರಿದುಮಾಡಲು ಹೊರನಾಡಿನಿಂದ ಬಂದ ಒಬ್ಬ ರಾಕ್ಷಸನನ್ನು ಕಲ್ಪಿಸಿದೆನು. ಅವನಿಗೆ ಕೋರೆಹಲ್ಲು, ಕೆಂಗಣ್ಣು ಎಲ್ಲವನ್ನೂ ಧಾರಾಳವಾಗಿ ಕೊಟ್ಟೆನು. ಬರೆದುದನ್ನು ರಾತ್ರಿ ಮೊಮ್ಮಗಳಿಗೆ ಓದಿ ಹೇಳುವದು ರೂಢಿಯಾಗಿದ್ದಿತು. ಒಂದು ರಾತ್ರಿ ಅವಳು, “ಅಜ್ಜಾ, ಆ ರಾಕ್ಷಸ ಕೆರೀ ನೀರ ಕುಡಿಯೂ ಮುಂದ ನಮ್ಮೂರವರು ಏನ ಮಾಡತಿದ್ರು?” ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ಹೇಳಲು ಬಾರದೆ ಅಲ್ಲ. ಉತ್ತರ ನನಗೆ ಚೆನ್ನಾಗಿ ಗೊತ್ತಿದ್ದಿತು.

ಸಭೆಯಲ್ಲಿ ನಮ್ಮೂರವರು ಕೆಲವರಿರುವಿರಿ. ಕೆರೆಯ ಮೇಲಣ ಇಳಿಜಾರಿನಲ್ಲಿ ಒಂದು ಬನವಿದ್ದುದು ತಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಬೇವು, ಹುಣಿಸೆ, ಮತ್ತಿ, ಎರಡು ದೊಡ್ಡ ಆಲ; ಎಲ್ಲ ಸೇರಿ 40ಕ್ಕೂ ಮಿಕ್ಕು ಮರಗಳು. ಶಾಲೆಗೆ ಕೋಣೆಗಳು ಸಾಲದಾದಾಗ, ಆ ಬನವನ್ನು ಕಡಿದು ಮಾರಿ, ಬಂದ ಹಣದಿಂದ ಅಲ್ಲಿಯೇ ಕೋಣೆಗಳನ್ನು ಕಟ್ಟಿಸಬೇಕೆಂದು ಊರಲ್ಲಿ ಠರಾವಾಯಿತು. ಬೇರೆ ಜಾಗ ಇರಲಿಲ್ಲವೆಂದಲ್ಲ. ಅದು ತುಸು ದೂರ, ಖರ್ಚು ತುಸು ಹೆಚ್ಚು. ಆ ಠರಾವನ್ನು ಬರೆದವನು ನಾನು. ಅದರ ಮೇಲಣ ಮೊದಲ ಸಹಿಯೂ ನನ್ನದೇ. ವಿದ್ಯೆಗಿಂತ ದೊಡ್ಡ ಪುಣ್ಯವಾವದು, ಮರಗಳು ಮತ್ತೆ ಬೆಳೆದಾವು ಎಂದು ಅಂದು ನಾನೇ ಭಾಷಣ ಮಾಡಿದೆನು. ಕೋಣೆಗಳಾದವು, ಮಕ್ಕಳು ಓದಿದರು, ಅದನ್ನು ಸುಳ್ಳೆನ್ನಲಾರೆ. ಆದರೆ ಬೇರು ಹಿಡಿದಿದ್ದ ಮಣ್ಣು ಮಳೆ ಬಂದಂತೆಲ್ಲ ಕೆರೆಗೆ ಇಳಿಯಿತು. ಹೂಳು ತುಂಬುತ್ತ ಬಂದು, ಬೇಸಿಗೆಯವರೆಗೆ ನಿಲ್ಲುತ್ತಿದ್ದ ನೀರು ಮಾಘ ಮಾಸಕ್ಕೇ ತೀರತೊಡಗಿತು. ಕೆರೆಯನ್ನು ಕುಡಿದವನಿಗೆ ಕೋರೆಹಲ್ಲು ಇರಲಿಲ್ಲ. ಅವನು ಬಿಳಿಯ ಅಂಗಿ ತೊಟ್ಟು, ಕೈಯಲ್ಲಿ ಲೇಖಣಿ ಹಿಡಿದು, ಒಳ್ಳೆಯ ಮಾತನ್ನೇ ಆಡುತ್ತಿದ್ದನು.

ಆ ಬಳಿಕ ಟೋಲ್ಕಿನ್ನರ ಗ್ರಂಥವನ್ನು ಎರಡನೆಯ ಸಲ ಓದಿದೆನು. ಮೊದಲ ಸಲ ಕಾಣದ ಸಂಗತಿ ಆಗ ಕಂಡಿತು. ಕಾಡನ್ನು ಕಡಿಸಿದ ಸಾರುಮಾನನು ಹುಟ್ಟಾ ದುಷ್ಟನಲ್ಲ. ಕೇಡನ್ನು ಎದುರಿಸುವವರಿಗೆ ನೆರವಾಗಲೆಂದೇ ಕಳುಹಿಸಲ್ಪಟ್ಟ ಜ್ಞಾನಿಗಳಲ್ಲಿ ಅವನು ಅಗ್ರಗಣ್ಯನು. ಒಂದು ಕಾಲಕ್ಕೆ ಅವನು ಆ ಕಾಡಿನಲ್ಲಿ ತಿರುಗಾಡಿ, ಟ್ರೀಬಿಯರ್ಡ್ ಎಂಬ ಹಿರಿಯ ಎಂಟ್‌ನಿಂದ ವಿನಯದಿಂದ ಅನೇಕ ವಿಷಯಗಳನ್ನು ಕೇಳಿ ತಿಳಿದುಕೊಂಡಿದ್ದನು. ಆದರೆ ತನಗೆ ಗೊತ್ತಿದ್ದುದನ್ನು ಎಂದೂ ಮರಳಿ ಹೇಳಲಿಲ್ಲ. ಪಡೆಯುವದುಂಟು, ಕೊಡುವದಿಲ್ಲ. ಅವನ ಪತನದ ಬೀಜವು ಅಲ್ಲಿರುವದು. ಬರಬರುತ್ತ ಅವನಿಗೆ ಬೆಳೆಯುವ ಜೀವಗಳೆಲ್ಲ ತನ್ನ ಉಪಯೋಗಕ್ಕೆ ಬಿದ್ದ ವಸ್ತುಗಳಾಗಿ ತೋರಿದವು. ದಾಸೋಹವನ್ನು ಬಲ್ಲ ಈ ಸಭೆಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದುದರಿಂದ ಇಂಥ ಕಾದಂಬರಿಯನ್ನು ಬರೆಯಲೆಳಸುವ ತರುಣರಿಗೆ ನನ್ನ ಮೊದಲನೆಯ ವಿಜ್ಞಾಪನೆ ಇದು: ರಾಕ್ಷಸನನ್ನು ಹೊರಗಿನಿಂದ ತರಬೇಡಿರಿ. ಅವನ ಮನೆಯನ್ನು ನಿಮ್ಮ ಓಣಿಯಲ್ಲಿ ಹುಡುಕಿರಿ. ನಿಮ್ಮ ಮನೆಯನ್ನೂ ಬಿಡದೆ ಹುಡುಕಿರಿ.

ಎರಡನೆಯದು: ಮರವನ್ನು ದೇವತೆಯನ್ನಾಗಿ ಮಾಡಬೇಡಿರಿ. ಅದೇ ಗ್ರಂಥದ ಆರಂಭದಲ್ಲಿ ‘ಹಳೆಯ ಕಾಡು’ ಎಂಬ ಇನ್ನೊಂದು ಅರಣ್ಯದ ವರ್ಣನೆಯಿದೆ. ಅಲ್ಲಿಯ ಮರಗಳು ದಾರಿಗರನ್ನು ದಾರಿ ತಪ್ಪಿಸುವವು. ಒಂದು ಮುದಿಮರವಂತೂ ಮಲಗಿದವರನ್ನು ತನ್ನ ಬಿರುಕಿನೊಳಗೆ ಸೆಳೆದುಕೊಳ್ಳುವದು. ಹಾಬಿಟ್‌ಗಳೆಂಬ ಗಿಡ್ಡ ಜನರು ಹಿಂದೊಮ್ಮೆ ಆ ಕಾಡಿನ ನೂರಾರು ಮರಗಳನ್ನು ಕಡಿದು ಸುಟ್ಟಿದ್ದರು. ಅದಕ್ಕಿಂತ ಮುಂಚೆ ಮರಗಳೂ ಅವರ ಬೇಲಿಯ ಮೇಲೆ ಏರಿಬಂದಿದ್ದವು. ಹಗೆ ಎರಡು ಕಡೆಗೂ ಇದ್ದಿತು. ಹಾಬಿಟ್‌ಗಳಾದರೋ ಒಳ್ಳೆಯ ಒಕ್ಕಲಿಗರು. ಆ ಕಥೆಯ ನಾಯಕರೇ ಅವರು. ಕಾಡಂಚಿನಲ್ಲಿ ಹೊಲವಿರುವ ರೈತನು ಇದನ್ನು ಓದಿದರೆ, ಬರೆದವನಿಗೆ ನಮ್ಮ ಕಷ್ಟ ಗೊತ್ತಿದೆ ಎನ್ನುವನು. ಹಂದಿ ಜೋಳವನ್ನು ಕೆಡಿಸಿದ ಮರುದಿನ ರೈತನ ಎದುರಿಗೆ ಕಾಡಿನ ಮಹಿಮೆಯನ್ನು ಹಾಡಿದರೆ ಅವನು ಕೇಳಲಾರನು.

ಇದಕ್ಕೆ ಹೊಂದಿದ ಇನ್ನೊಂದು ಪ್ರಸಂಗವು ನನ್ನನ್ನು ಬಹುವಾಗಿ ಕಾಡಿರುವದು. ಎಂಟ್‌ಗಳಿಗೆ ಹೆಂಡಿರಿದ್ದರು. ಗಂಡಸರಿಗೆ ತಾನಾಗಿ ಬೆಳೆದ ದಟ್ಟ ಕಾಡು ಪ್ರಿಯ. ಹೆಂಗಸರಿಗೆ ತೋಟ, ಹೊಲ, ಪಾತಿ ಪ್ರಿಯ. ಅವರು ಕಾಡನ್ನು ಬಿಟ್ಟು ಹೋಗಿ ತೋಟಗಳನ್ನು ಮಾಡಿದರು. ಮನುಷ್ಯರು ಬೇಸಾಯವನ್ನು ಅವರಿಂದ ಕಲಿತರು. ಮುಂದೆ ಯುದ್ಧ ಬಂದು ಆ ತೋಟಗಳು ಸುಟ್ಟುಹೋದವು. ಗಂಡಸರು ಹುಡುಕುತ್ತ ಹೋದಾಗ ಬರಿಯ ಬಯಲಿದ್ದಿತು; ಹೆಂಡಿರ ಸುಳಿವು ಕಡೆಗೂ ಹತ್ತಲಿಲ್ಲ. ಹೆಂಡಿರಿಲ್ಲದುದರಿಂದ ಮಕ್ಕಳಿಲ್ಲ, ಆ ಕುಲವು ಮೆಲ್ಲಮೆಲ್ಲನೆ ಅಳಿಯುತ್ತಿರುವದು. ಕಾಡೂ ಹೊಲವೂ ಒಂದನ್ನೊಂದು ತೊರೆದರೆ ಎರಡಕ್ಕೂ ಸಂತಾನವಿಲ್ಲವೆಂಬ ಮಾತನ್ನು ಗ್ರಂಥಕರ್ತರು ಎಲ್ಲಿಯೂ ಹೇಳಿಲ್ಲ. ಆ ಮುದಿ ಎಂಟ್‌ನ ದುಃಖವನ್ನಷ್ಟೇ ಹೇಳಿ ಸುಮ್ಮನಾಗಿರುವರು. ಅರ್ಥವನ್ನು ನಾನು ಮಾಡಿಕೊಂಡೆನು.

ಇಲ್ಲಿಂದ ಮೂರನೆಯ ಮಾತು ಹೊರಡುವದು. ಕಥೆಯು ಉಪದೇಶಕ್ಕೆ ಹಾಕಿದ ಮುಸುಕಾಗಬಾರದು. ಟೋಲ್ಕಿನ್ನರು ತಮ್ಮ ಕಥೆಯನ್ನು ರೂಪಕವೆಂದು ಓದುವವರಿಗೆ ಒಪ್ಪಲಿಲ್ಲ. ರೂಪಕದಲ್ಲಿ ಬರೆದವನು ಓದುವವನನ್ನು ಕಟ್ಟಿಹಾಕುವನು. ಬರಿಯ ಕಥೆಯಾದರೆ ಓದುವವನು ತನ್ನ ಬಾಳಿಗೆ ತಾನೇ ಅನ್ವಯಿಸಿಕೊಳ್ಳುವನು ಎಂಬದು ಅವರ ಅಭಿಪ್ರಾಯ. ನನ್ನ ಮೊದಲಿನ ಹಸ್ತಪ್ರತಿಯಲ್ಲಿ ಆಲದ ಮರವು ನಾಲ್ಕು ಪುಟ ಉಪದೇಶ ಮಾಡುತ್ತಿದ್ದಿತು. ಮೊಮ್ಮಗಳು ಅಲ್ಲಿ ನಿದ್ದೆ ಹೋದಳು. ಆ ನಾಲ್ಕು ಪುಟಗಳನ್ನು ಹರಿದುಹಾಕಿದೆನು. ಈಗ ಆ ಮರವು ಒಂದೇ ಮಾತನ್ನು ಕೇಳುವದು: ತನ್ನ ನೆರಳಿನಲ್ಲಿ ಆಡಿದ ಮಕ್ಕಳು ಎಲ್ಲಿ ಹೋದರೆಂದು.

ಅನ್ಯದೇಶಗಳ ಇನ್ನಿಬ್ಬರನ್ನು ಸಂಕ್ಷೇಪವಾಗಿ ಸ್ಮರಿಸುವೆನು. ಅಮೇರಿಕೆಯ ಉರ್ಸುಲಾ ಲೆ ಗ್ವಿನ್ ಎಂಬ ಲೇಖಕಿಯು 1968ರಲ್ಲಿ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ಮಂತ್ರವಿದ್ಯೆಯ ಗುರುವು ಶಿಷ್ಯನಿಗೆ, ಒಂದು ಹರಳುಕಲ್ಲನ್ನು ನಿಜವಾಗಿ ಬೇರೆಯದನ್ನಾಗಿ ಮಾರ್ಪಡಿಸಿದರೂ ಲೋಕದ ತೂಕ ಅಲುಗುವದೆಂದೂ, ಏನಾಗುವದೆಂದು ಬಲ್ಲದೆ ಕೈಯಿಕ್ಕಬಾರದೆಂದೂ ಎಚ್ಚರಿಸುವನು. ಮಂತ್ರಶಕ್ತಿಗೆ ಮಿತಿಯನ್ನು ಹಾಕಿದ ಈ ಒಂದು ನಿಯಮದಿಂದ ಇಡೀ ಕಥೆಯೇ ನಿಸರ್ಗದ ಪಾಠವಾಗಿ ಪರಿಣಮಿಸಿತು.

ಇನ್ನೊಬ್ಬರು ಜಪಾನಿನ ಹಯಾವೊ ಮಿಯಾಜಾಕಿ. ಆ ದೇಶದ ಮಿನಮಾಟ ಎಂಬ ಊರಲ್ಲಿ ಒಂದು ರಸಾಯನ ಕಾರ್ಖಾನೆಯು ಪಾದರಸದ ವಿಷವನ್ನು ಕೊಲ್ಲಿಗೆ ಬಿಡುತ್ತಿದ್ದಿತು. ವಿಷವು ಮೀನಿಗೆ, ಮೀನಿನಿಂದ ಮನುಷ್ಯರಿಗೆ ಸೇರಿತು. ನರಗಳು ಕೆಟ್ಟು ಜನರು ನರಳಿದರು, ಗರ್ಭದ ಶಿಶುಗಳಿಗೂ ಬಾಧೆಯಾಯಿತು. ಆ ರೋಗವು 1956ರಲ್ಲಿ ಬೆಳಕಿಗೆ ಬಂದರೂ ವಿಷವನ್ನು ಬಿಡುವದು 1968ರವರೆಗೆ ನಿಲ್ಲಲಿಲ್ಲ. ಈ ದುರಂತವು ಮಿಯಾಜಾಕಿಯವರ ಕಲ್ಪನೆಯನ್ನು ಕಲಕಿತು. ಅವರು 1982ರಿಂದ 1994ರವರೆಗೆ ‘ನೌಸಿಕಾ’ ಎಂಬ ಚಿತ್ರಕಥೆಯನ್ನು ರಚಿಸಿದರು. ಅದರ ಚಲನಚಿತ್ರವು 1984ರಲ್ಲಿ ಹೊರಬಂದಿತು. ಅದರಲ್ಲಿ ವಿಷದ ಗಾಳಿಯನ್ನುಗುಳುವ ಭಯಂಕರವಾದ ಕಾಡೊಂದು ಭೂಮಿಯನ್ನೆಲ್ಲ ಆವರಿಸುತ್ತಿರುವದು. ಎಲ್ಲರೂ ಅದನ್ನು ಸುಡಬೇಕೆನ್ನುವರು. ಅರಸುಕುಮಾರಿಯೊಬ್ಬಳು ಮಾತ್ರ ಅದರ ಬೀಜಗಳನ್ನು ತಂದು, ಶುದ್ಧವಾದ ಮಣ್ಣುನೀರಿನಲ್ಲಿ ಬೆಳೆಸಿ ನೋಡುವಳು. ಗಿಡಗಳಿಂದ ವಿಷ ಹೊರಡುವದಿಲ್ಲ. ಕೆಟ್ಟದ್ದು ಮಣ್ಣು, ಕೆಡಿಸಿದವರು ಹಿಂದಿನ ಮನುಷ್ಯರು, ಕಾಡು ಅದನ್ನು ಶುದ್ಧಗೊಳಿಸುತ್ತಿರುವದು ಎಂದು ಅವಳಿಗೆ ಗೊತ್ತಾಗುವದು. ಸಿಟ್ಟಿನಿಂದ ಕೊಡಲಿಯೆತ್ತುವ ಮೊದಲು ಪರೀಕ್ಷಿಸಿ ನೋಡಿದ ಆ ಹುಡುಗಿಯೇ ನಿಜವಾದ ವೀರಳು. ಕಲ್ಪನೆಗೂ ಶಾಸ್ತ್ರಜ್ಞಾನಕ್ಕೂ ವಿರೋಧವಿಲ್ಲವೆಂಬದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಕಡೆಯ ಮಾತು ಕಥೆಯ ಮುಕ್ತಾಯವನ್ನು ಕುರಿತದ್ದು. ನಿಸರ್ಗವನ್ನು ಕುರಿತ ಅದ್ಭುತ ಕಾದಂಬರಿಯಲ್ಲಿ ಕೊನೆಯನ್ನು ಸಾಧಿಸುವದೇ ಎಲ್ಲಕ್ಕಿಂತ ಕಠಿಣ. ಮಂತ್ರ ಹಾಕಿದೊಡನೆ ಕಾಡೆಲ್ಲ ಚಿಗುರಿತೆಂದರೆ ಓದುವವನು ಕೈಕಟ್ಟಿ ಕುಳಿತುಕೊಳ್ಳುವನು. ಎಲ್ಲವೂ ಹಾಳಾಯಿತೆಂದರೂ ಕೈಕಟ್ಟಿ ಕುಳಿತುಕೊಳ್ಳುವನು. ಟೋಲ್ಕಿನ್ನರು ಈ ಇಕ್ಕಟ್ಟನ್ನು ದಾಟಿದ ಬಗೆಯನ್ನು ನೋಡಿರಿ. ಯುದ್ಧವನ್ನು ಗೆದ್ದು ಊರಿಗೆ ಮರಳಿದ ಹಾಬಿಟ್‌ಗಳು ಕಂಡದ್ದು ಕಡಿದ ಸಾಲುಮರಗಳನ್ನು, ಹೊಲಸು ನೀರನ್ನು ಹೊಳೆಗೆ ಬಿಡುವ ಹೊಸ ಗಿರಣಿಯನ್ನು. ದೂರದ ಶತ್ರುವನ್ನು ಗೆದ್ದವರಿಗೆ ತಮ್ಮ ಮನೆಯಂಗಳದ ಕೆಲಸವು ಉಳಿದೇ ಇದ್ದಿತು. ಅವರಲ್ಲಿ ಸ್ಯಾಮ್ ಎಂಬವನು ತೋಟಗಾರ. ಗ್ಯಾಲಾಡ್ರಿಯೆಲ್ ಎಂಬ ರಾಣಿಯು ಅವನಿಗೆ ಒಂದು ಸಣ್ಣ ಕರಡಿಗೆಯನ್ನು ಕೊಟ್ಟಿದ್ದಳು; ಅದರಲ್ಲಿ ಅವಳ ತೋಟದ ಮಣ್ಣು, ಒಂದು ಬೀಜ. ಅದನ್ನು ಹೇಗೆ ಬಳಸಲೆಂದು ಕೇಳಿದಾಗ, ಅವನ ಒಡೆಯನಾದ ಫ್ರೋಡೋ, ನಿನಗಿರುವ ಬುದ್ಧಿಯನ್ನೂ ತಿಳಿವಳಿಕೆಯನ್ನೂ ಮೊದಲು ಬಳಸು, ವರವು ಆ ಕೆಲಸಕ್ಕೆ ಒತ್ತಾಸೆಯಾಗಲಿ ಎಂಬರ್ಥದ ಮಾತನ್ನು ಹೇಳಿದನು. ಸ್ಯಾಮ್ ಆ ಮಣ್ಣನ್ನು ತನ್ನ ತೋಟವೊಂದಕ್ಕೇ ಹಾಕಿಕೊಳ್ಳಲಿಲ್ಲ. ನಾಡೆಲ್ಲ ತಿರುಗಿ, ಮರ ಕಡಿದಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೆ ಒಂದೊಂದು ಕಣವನ್ನು ಇಟ್ಟನು. ಅವನ ಕಾಯಕವೂ ರಾಣಿಯ ಪ್ರಸಾದವೂ ಕೂಡಿ ಮರುವಸಂತದಲ್ಲಿ ನಾಡು ಹಸುರಾಯಿತು. ಆದರೂ ಫ್ರೋಡೋವಿನ ಗಾಯ ಮಾಯಲಿಲ್ಲ. ಅವನು ನಾಡನ್ನೇ ಬಿಟ್ಟು ಹೋಗಬೇಕಾಯಿತು. ಮರಳಿ ಬಂದುದೂ ಉಂಟು, ಬಾರದೆ ಹೋದುದೂ ಉಂಟು. ಎರಡನ್ನೂ ಹೇಳಿದುದರಿಂದಲೇ ಆ ಕೊನೆಯು ನಂಬಿಕೆಗೆ ಅರ್ಹವಾಗಿರುವದು.

ನನ್ನ ಕಾದಂಬರಿ ಇನ್ನೂ ಮುಗಿದಿಲ್ಲ. ರಾಕ್ಷಸನನ್ನು ಹೊಡೆದುಹಾಕಿದೆನು, ಅವನ ಸ್ಥಾನದಲ್ಲಿ ಈಗ ಒಬ್ಬ ಮಾಸ್ತರನಿರುವನು. ಮೊಮ್ಮಗಳಿಗೆ ಅವನು ಯಾರೆಂದು ಹೇಳಿರುವೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಅವನss ಗಿಡಾ ಹಚ್ಚಬೇಕು” ಎಂದಳು. ಕಳೆದ ಎರಡು ಮಳೆಗಾಲಗಳಿಂದ ನಾನೂ ಶಾಲೆಯ ಕೆಲವು ಮಕ್ಕಳೂ ಆ ಇಳಿಜಾರಿನಲ್ಲಿ ಸಸಿಗಳನ್ನು ಹಚ್ಚುತ್ತಿರುವೆವು. ನಾಲ್ಕು ಹಚ್ಚಿದರೆ ಒಂದು ಹತ್ತುವದು. ಆಡು ತಿಂದವು, ಬಿಸಿಲಿಗೆ ಒಣಗಿದವು, ಮತ್ತೆ ಹಚ್ಚುವೆವು. ಅವು ಬನವಾಗುವದನ್ನು ನಾನು ಕಾಣಲಾರೆನು. ಮಕ್ಕಳು ಕಂಡಾರು.

ಮರ ಕಡಿಯುವ ದಿನ ನನ್ನ ಮಾತಿಗೆ ಬೆಲೆಕೊಟ್ಟು ಒಪ್ಪಿದ ನಮ್ಮೂರ ಹಿರಿಯರಲ್ಲಿ, ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ, ಕ್ಷಮೆಯನ್ನು ಬೇಡುತ್ತೇನೆ. ಈ ಮಹೋತ್ಸವದ ನೆನಪಿಗಾಗಿ ಇಲ್ಲಿ ನೆರೆದ ಭಕ್ತರು ತಂತಮ್ಮ ಊರ ಕೆರೆಯ ಮೇಲ್ಗಡೆಗೆ ಒಂದೊಂದು ಸಸಿಯನ್ನಾದರೂ ನೆಟ್ಟು, ಮೂರು ಬೇಸಿಗೆ ನೀರೆರೆಯಬೇಕೆಂದು ವಿನಂತಿಸುತ್ತೇನೆ. ಬರೆಯಬಲ್ಲ ತರುಣರು ಬರೆಯಲಿ. ಬರೆಯುವದಕ್ಕೆ ಕುಳಿತಾಗ ತಮ್ಮ ಊರ ಠರಾವುಗಳ ಕೆಳಗಿನ ಸಹಿಗಳನ್ನು ಒಮ್ಮೆ ಓದಿ ನೋಡಲಿ.